ಬ್ರೆಡ್ಡು ಸುಡುವ ನಾಳಿನ ಯಂತ್ರ

ಹೋದ ಮಳೆಗಾಲದ ಒಂದು ದಿನ ಗಣಿತದ ಶಿಕ್ಷಕರು ರಜೆಯ ಮೇಲಿದ್ದುದರಿಂದ ಒಂಬತ್ತನೆಯ ಇಯತ್ತೆಯ ಕೊನೆಯ ತಾಸು ನನ್ನ ಪಾಲಿಗೆ ಬಂತು. ಹೊರಗೆ ಜಿಟಿಜಿಟಿ ಮಳೆ. ವ್ಯಾಕರಣ ಹೇಳಲು ನನಗೂ ಮನಸ್ಸಿರಲಿಲ್ಲ, ಕೇಳಲು ಮಕ್ಕಳಿಗೂ ಮನಸ್ಸಿರಲಿಲ್ಲ. ಕರಿಹಲಗೆಯ ಮೇಲೆ ಒಂದು ನಿಬಂಧದ ವಿಷಯ ಬರೆದೆ: 'ಇನ್ನು ನೂರು ವರ್ಷಕ್ಕೆ ಮನೆಯಲ್ಲಿ ಬ್ರೆಡ್ಡನ್ನು ಹೇಗೆ ಸುಡುತ್ತಾರೆ?' ಮಕ್ಕಳು ಮೊದಲು ನಕ್ಕರು, ಆಮೇಲೆ ಬರೆಯತೊಡಗಿದರು.

ಅಕ್ಕಲಕೋಟೆ ಸೀಮೆಯ ಕನ್ನಡ ಶಾಲೆಯಲ್ಲಿ ಬ್ರೆಡ್ಡಿನ ಮಾತೇಕೆ ಎಂದು ಓದುಗರು ಕೇಳಬಹುದು. ನಾವು ಜೋಳದ ರೊಟ್ಟಿಯ ಜನ. ಬ್ರೆಡ್ಡು ನಮ್ಮ ಮನೆಗಳಿಗೆ ಬರುತ್ತಿದ್ದುದು ಜ್ವರ ಬಂದಾಗ. ಇನ್ನು 'ಟೋಸ್ಟ್' ಎಂದರೆ ನಮ್ಮಲ್ಲಿ ಬೇಕರಿಯಿಂದ ತಂದು ಚಹಾದಲ್ಲಿ ಅದ್ದಿ ತಿನ್ನುವ ಗಟ್ಟಿ ತುಂಡು. ಒಮ್ಮೆ ಬೆಂದದ್ದನ್ನು ಹೋಳು ಮಾಡಿ ಮತ್ತೊಮ್ಮೆ ಬೇಯಿಸಿದ್ದು. ಆದರೂ ಬ್ರೆಡ್ಡನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಅದು ಮೊದಲೇ ಬೆಂದಿರುವ ಪದಾರ್ಥ. ನಾದುವ ಕೆಲಸವಿಲ್ಲ, ತಟ್ಟುವ ಕೆಲಸವಿಲ್ಲ. ಎರಡೂ ಮಗ್ಗಲು ಕೆಂಪಾಗಬೇಕು, ಅಷ್ಟೆ. ಇಷ್ಟು ಸಣ್ಣ ಕೆಲಸವನ್ನು ಕೊಟ್ಟರೆ ಮಕ್ಕಳ ಕಲ್ಪನೆ ಎಲ್ಲಿಯವರೆಗೆ ಹೋಗುತ್ತದೆ ನೋಡೋಣ ಎಂಬುದು ನನ್ನ ಆಸೆ.

ಕಲ್ಪನೆ ಬಹಳ ದೂರ ಹೋಗಿತ್ತು, ಆದರೆ ಬಹುಪಾಲು ಮಕ್ಕಳದು ಒಂದೇ ದಾರಿಯಲ್ಲಿ. 'ಗುಂಡಿ ಒತ್ತಿದರೆ ಬ್ರೆಡ್ಡು ಬರುತ್ತದೆ', 'ಯಂತ್ರಮಾನವನು ತಾಟಿನಲ್ಲಿ ಹಾಕಿ ತರುತ್ತಾನೆ', 'ಮನಸ್ಸಿನಲ್ಲಿ ನೆನೆಸಿದರೆ ಸಾಕು'. ಒಬ್ಬ ಹುಡುಗ ಲೇಸರ್ ಕಿರಣ ಬಿಟ್ಟಿದ್ದ. ಇನ್ನೊಬ್ಬ ಆಕಾಶದಲ್ಲಿ ಉಪಗ್ರಹವನ್ನು ನಿಲ್ಲಿಸಿ, ಅಲ್ಲಿಂದ ಸೂರ್ಯನ ಕಿರಣಗಳನ್ನು ಕನ್ನಡಿಯಿಂದ ತಿರುಗಿಸಿ, ನೇರವಾಗಿ ಅವರ ಅಜ್ಜಿಯ ಅಡುಗೆಮನೆಗೆ ಇಳಿಸಿದ್ದ. ಒಬ್ಬಳು ಹುಡುಗಿ ಮಾತ್ರ ಪುಟದ ಮೇಲೆ ಎರಡೇ ಸಾಲು ಬರೆದು ಕೂತಿದ್ದಳು. ಯಾಕವ್ವಾ ಎಂದು ಕೇಳಿದೆ. ಎದ್ದು ನಿಂತು ಹೇಳಿದಳು:

"ಸರ, ಅದಕ್ಕ ಹದಾ ಹ್ಯಾಂಗ ಗೊತ್ತಾಗ್ತದ್ರಿ?"

ಇಡೀ ವರ್ಗದಲ್ಲಿ ನಿಜವಾದ ಯಂತ್ರಶಾಸ್ತ್ರದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ ಎಂಬುದು ನನ್ನ ಅಭಿಪ್ರಾಯ. ಆ ಅಭಿಪ್ರಾಯವನ್ನು ವಿಸ್ತರಿಸಿ ಹೇಳುವುದಕ್ಕಾಗಿಯೇ ಈ ಲೇಖನ.

ಬ್ರೆಡ್ಡು ಕೆಂಪಾಗುವಾಗ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಬ್ರೆಡ್ಡಿನಲ್ಲಿ ತೂಕದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. ನೀರು ಇರುವವರೆಗೆ ಆ ಜಾಗದ ಉಷ್ಣತೆ ೧೦೦ ಡಿಗ್ರಿ ಸೆಂಟಿಗ್ರೇಡನ್ನು ದಾಟುವುದಿಲ್ಲ. ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೆ ಖರ್ಚಾಗುತ್ತದೆ. ಮೇಲಿನ ಪದರ ಒಣಗಿದ ಮೇಲೆ ಉಷ್ಣತೆ ಏರುತ್ತದೆ. ಸುಮಾರು ೧೪೦ ಡಿಗ್ರಿಯ ಹೊತ್ತಿಗೆ ಹಿಟ್ಟಿನ ಸಕ್ಕರೆಯೂ ಪ್ರೋಟೀನಿನ ಅಂಶಗಳೂ ಬೇಗ ಬೇಗ ಕೂಡಿಕೊಂಡು ಹೊಂಬಣ್ಣವನ್ನೂ ಘಮಘಮ ವಾಸನೆಯನ್ನೂ ಹುಟ್ಟಿಸುತ್ತವೆ. ಈ ರಾಸಾಯನಿಕ ಕ್ರಿಯೆಯನ್ನು ೧೯೧೨ರಲ್ಲಿ ವಿವರಿಸಿದವನು ಲೂಯಿ ಕಮೀಯ್ ಮಯ್ಯಾರ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ. ಅದಕ್ಕೆ ಇಂದಿಗೂ ಅವನ ಹೆಸರೇ ಇದೆ. ಇನ್ನೂ ಬಿಟ್ಟರೆ ಸೀಯುತ್ತದೆ, ಕಡೆಗೆ ಇದ್ದಿಲಾಗುತ್ತದೆ. ಬಿಳಿಯಿಂದ ಕೆಂಪಾಗಲು ಒಂದೂವರೆ ನಿಮಿಷ ಬೇಕಾದರೆ ಕೆಂಪಿನಿಂದ ಕಪ್ಪಾಗಲು ಅರ್ಧ ನಿಮಿಷ ಸಾಕು. ಸೀದದ್ದು ಬರಿಯ ರುಚಿಯ ಮಾತೂ ಅಲ್ಲ. ಹೆಚ್ಚು ಶಾಖಕ್ಕೆ ಹಿಟ್ಟಿನ ಪದಾರ್ಥಗಳಲ್ಲಿ ಅಕ್ರಿಲಮೈಡ್ ಎಂಬ, ದೇಹಕ್ಕೆ ಒಳ್ಳೆಯದಲ್ಲದ ವಸ್ತು ಹುಟ್ಟುತ್ತದೆಂದು ಸ್ವೀಡನ್ನಿನ ವಿಜ್ಞಾನಿಗಳು ೨೦೦೨ರಲ್ಲಿ ತೋರಿಸಿಕೊಟ್ಟರು.

ಹೀಗೆ ಶಾಖ ಕೊಡುವುದು ಸುಲಭ, ನಿಲ್ಲಿಸುವ ಗಳಿಗೆ ತಿಳಿಯುವುದು ಕಷ್ಟ. ಆ ಗಳಿಗೆಗೇ ನಾವು 'ಹದ' ಎನ್ನುತ್ತೇವೆ. ಭೂಮಿಗೆ ಹದ, ಮಳೆಗೆ ಹದ, ಪಾಕಕ್ಕೆ ಹದ, ಚರ್ಮಕ್ಕೆ ಹದ. ಇದೊಂದು ಮಾತನ್ನು ಬೇರೆ ಭಾಷೆಗೆ ಹೊತ್ತೊಯ್ಯಲು ಹೋದರೆ ನಾಲ್ಕು ಮಾತು ಬೇಕಾಗುತ್ತವೆ.

ಬ್ರೆಡ್ಡು ಸುಡುವ ಯಂತ್ರದ ಕಥೆಯೆಲ್ಲ ಈ ಹದವನ್ನು ಹುಡುಕಿಕೊಂಡು ಹೋದ ಕಥೆಯೇ. ಮೊದಲು ಜನ ಉದ್ದ ಹಿಡಿಕೆಯ ಮುಳ್ಳಿಗೆ ಹೋಳನ್ನು ಚುಚ್ಚಿ ಕೆಂಡದ ಮುಂದೆ ಹಿಡಿಯುತ್ತಿದ್ದರು. ವಿದ್ಯುತ್ತಿನಿಂದ ಸುಡಬೇಕಾದರೆ ಕೆಂಪಗೆ ಕಾದರೂ ತುಂಡಾಗದ, ತುಕ್ಕು ಹಿಡಿಯದ ತಂತಿ ಬೇಕು. ನಿಕ್ಕಲ್ಲನ್ನೂ ಕ್ರೋಮಿಯಮ್ಮನ್ನೂ ಬೆರೆಸಿ ಅಂಥ ತಂತಿಯನ್ನು ಮಾಡಿ ೧೯೦೬ರಲ್ಲಿ ಪೇಟೆಂಟು ಪಡೆದವನು ಅಮೇರಿಕದ ಆಲ್ಬರ್ಟ್ ಮಾರ್ಷ್. ಮೂರು ವರ್ಷಗಳಲ್ಲಿ, ೧೯೦೯ರಲ್ಲಿ, ಜನರಲ್ ಇಲೆಕ್ಟ್ರಿಕ್ ಕಂಪನಿಯವರ ಟೋಸ್ಟರು ಪೇಟೆಗೆ ಬಂತು. ಅದು ಒಂದು ಸಲಕ್ಕೆ ಒಂದೇ ಮಗ್ಗಲನ್ನು ಸುಡುತ್ತಿತ್ತು. ಹೊಳ್ಳಿಸಿ ಹಾಕುವುದಕ್ಕೂ ತೆಗೆಯುವುದಕ್ಕೂ ಮನುಷ್ಯನೇ ಕಾಯಬೇಕು. ಅಂದರೆ ಒಲೆ ಬದಲಾಯಿತು, ಒಲೆಯ ಮುಂದೆ ಕೂತವಳ ಕೆಲಸ ಬದಲಾಗಲಿಲ್ಲ.

ಬದಲಾಯಿಸಲು ಹೊರಟವನು ಮಿನೆಸೋಟಾದ ಚಾರ್ಲ್ಸ್ ಸ್ಟ್ರೈಟ್ ಎಂಬ ಮೆಕ್ಯಾನಿಕ್. ಅವನು ಗಡಿಯಾರದಂಥ ಕಾಲಮಾಪಕವನ್ನೂ ಸ್ಪ್ರಿಂಗನ್ನೂ ಜೋಡಿಸಿ, ಹೊತ್ತು ಮುಗಿದ ಕೂಡಲೇ ಬ್ರೆಡ್ಡು ತಾನಾಗಿ ಮೇಲಕ್ಕೆ ಜಿಗಿಯುವ ಹಾಗೆ ಮಾಡಿದ. ೧೯೨೧ರಲ್ಲಿ ಅದಕ್ಕೆ ಪೇಟೆಂಟು ಸಿಕ್ಕಿತು, ೧೯೨೬ರಲ್ಲಿ ಮನೆಬಳಕೆಯ ಮಾದರಿ ಮಾರಾಟಕ್ಕೆ ಬಂತು. ೧೯೨೮ರಲ್ಲಿ ಬ್ರೆಡ್ಡನ್ನು ಒಂದೇ ದಪ್ಪಕ್ಕೆ ಹೋಳು ಮಾಡಿ ಮಾರುವ ಯಂತ್ರವೂ ಬಂದಮೇಲೆ ಟೋಸ್ಟರಿನ ದಾರಿ ಇನ್ನಷ್ಟು ಸುಗಮವಾಯಿತು. ಆದರೆ ಗಡಿಯಾರಕ್ಕೆ ಹೊತ್ತು ಗೊತ್ತು, ಬ್ರೆಡ್ಡು ಗೊತ್ತಿಲ್ಲ. ನಿನ್ನೆಯ ಒಣ ಬ್ರೆಡ್ಡಿಗೂ ಇಂದಿನ ಮೆತ್ತನೆಯ ಬ್ರೆಡ್ಡಿಗೂ ಅದು ಕೊಡುವುದು ಅಷ್ಟೇ ನಿಮಿಷ. ೧೯೪೦ರ ದಶಕದ ಕೊನೆಗೆ ಅಮೇರಿಕದ ಸನ್‌ಬೀಮ್ ಕಂಪನಿಯವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಬ್ರೆಡ್ಡಿನ ಮೈಯಿಂದ ಹೊಮ್ಮುವ ಶಾಖವನ್ನೇ ಒಂದು ಜೋಡಿಲೋಹದ ಪಟ್ಟಿಗೆ ತಾಗಿಸಿದರು. ಎರಡು ಲೋಹಗಳು ಕಾದಾಗ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ, ಬಾಗಿ ವಿದ್ಯುತ್ತನ್ನು ತಡೆಯುತ್ತದೆ. ಯಂತ್ರವು ಗಡಿಯಾರ ನೋಡುವುದನ್ನು ಬಿಟ್ಟು ಬ್ರೆಡ್ಡಿನ ಕಡೆ ಮುಖ ತಿರುಗಿಸಿದ್ದು ಆಗ. ನನ್ನ ದೃಷ್ಟಿಯಲ್ಲಿ ಟೋಸ್ಟರಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇಲ್ಲ.

ಆಮೇಲೆ ಬಂದ ಚಮತ್ಕಾರಗಳು ಬಹಳ. ೧೯೯೦ರಲ್ಲಿ ಜಾನ್ ರೋಮ್ಕಿ ಎಂಬಾತ ಅದೇ ಸನ್‌ಬೀಮ್ ಟೋಸ್ಟರನ್ನು ಅಂತರ್ಜಾಲಕ್ಕೆ ಜೋಡಿಸಿ, ದೂರದ ಗಣಕಯಂತ್ರದಿಂದ ಹಚ್ಚಿ ಆರಿಸಿ ತೋರಿಸಿದ. ಬ್ರೆಡ್ಡನ್ನು ಒಳಗೆ ಇಡಲು ಮಾತ್ರ ಒಬ್ಬ ಮನುಷ್ಯ ಪಕ್ಕದಲ್ಲಿರಲೇಬೇಕಿತ್ತು! ಮರುವರ್ಷ ಅದಕ್ಕೂ ಒಂದು ಪುಟ್ಟ ಎತ್ತುಗೈಯನ್ನು ಕೂಡಿಸಿದರು. ೨೦೦೧ರಲ್ಲಿ ಇಂಗ್ಲೆಂಡಿನ ಬ್ರೂನೆಲ್ ವಿಶ್ವವಿದ್ಯಾಲಯದ ರಾಬಿನ್ ಸೌತ್‌ಗೇಟ್ ಎಂಬ ವಿದ್ಯಾರ್ಥಿ ಅಂದಿನ ಹವಾಮಾನವನ್ನು ತಿಳಿದುಕೊಂಡು ಬ್ರೆಡ್ಡಿನ ಮೇಲೆ ಸೂರ್ಯನನ್ನೋ ಮೋಡವನ್ನೋ ಸುಟ್ಟು ಬರೆಯುವ ಟೋಸ್ಟರನ್ನು ಮಾಡಿದ. ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಾದರೆ ಅದು ವರ್ಷದ ಹತ್ತು ತಿಂಗಳು ಸೂರ್ಯನನ್ನೇ ಬರೆದು ಬೇಸತ್ತೀತು.

ಇನ್ನು ನಮ್ಮ ಹುಡುಗನ ಲೇಸರ್ ಕಿರಣದ ವಿಚಾರ. ಅದು ಬರಿಯ ಕಟ್ಟುಕಥೆಯಲ್ಲ. ಅಮೇರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ೨೦೨೧ರಲ್ಲಿ ಯಂತ್ರವು ಪದರ ಪದರವಾಗಿ ಅಚ್ಚು ಹಾಕಿದ ಕೋಳಿಮಾಂಸವನ್ನು ಲೇಸರಿನಿಂದ ಬೇಯಿಸಿದ್ದನ್ನು ಪ್ರಕಟಿಸಿದರು. ನೀಲಿ ಕಿರಣ ಒಳಗೆ ಇಳಿಯುತ್ತದೆ, ಅತಿಕೆಂಪು ಕಿರಣ ಮೇಲ್ಮೈಯನ್ನು ಕೆಂಪಾಗಿಸುತ್ತದೆ. ಬಹಳ ಸಣ್ಣ ಜಾಗವನ್ನೂ ಬೇಕಾದಷ್ಟೇ ಸುಡಬಹುದು. ಹಾಗಾದರೆ ಮನೆಮನೆಗೂ ಲೇಸರ್ ಟೋಸ್ಟರು ಯಾಕೆ ಬರಲಿಲ್ಲ? ಲೇಸರ್ ಕಿರಣ ಒಂದು ಚುಕ್ಕಿ. ಬ್ರೆಡ್ಡು ಒಂದು ಹೊಲ. ಸೂಜಿಯಿಂದ ಹೊಲ ಉತ್ತ ಹಾಗೆ ಆಗುತ್ತದೆ. ಕೆಂಪಗೆ ಕಾದ ತಂತಿ ಇಡೀ ಹೊಲಕ್ಕೆ ಒಮ್ಮೆಲೇ ಬಿಸಿಲು ಬೀರುತ್ತದೆ. ಕಣ್ಣಿಗೆ ಕೇಡು ತರುವ ಕಿರಣವನ್ನು ಅಡುಗೆಮನೆಯಲ್ಲಿ ಮುಚ್ಚಿಡುವ ತೊಂದರೆ ಬೇರೆ. ಇನ್ನೊಬ್ಬ ಹುಡುಗ ಬರೆದಿದ್ದ ಮೈಕ್ರೋವೇವ್ ಒಲೆಯಂತೂ ಈ ಕೆಲಸಕ್ಕೆ ಆಗುವುದೇ ಇಲ್ಲ. ಅದು ಬ್ರೆಡ್ಡಿನ ಒಳಗಿನ ನೀರನ್ನು ಕಾಯಿಸುತ್ತದೆ, ಮೇಲ್ಮೈಯನ್ನು ಒಣಗಿಸಿ ಕಾಯಿಸುವುದಿಲ್ಲ; ಬ್ರೆಡ್ಡು ಮೆತ್ತಗಾಗಿ, ತಣಿದ ಮೇಲೆ ರಬ್ಬರಾಗುತ್ತದೆ.

ಉಪಗ್ರಹದ ಹುಡುಗನೊಡನೆ ನಾನು ಲೆಕ್ಕ ಮಾಡಿಸಿದೆ. ಕನ್ನಡದ ಶಿಕ್ಷಕನಾದರೂ ಗಣಿತದ ತಾಸನ್ನು ಕಸಿದುಕೊಂಡ ಪಾಪಕ್ಕೆ ಅಷ್ಟಾದರೂ ಪ್ರಾಯಶ್ಚಿತ್ತ ಬೇಕಲ್ಲವೆ? ಎರಡು ಹೋಳಿನ ಸಾಮಾನ್ಯ ಟೋಸ್ಟರು ಸುಮಾರು ೮೦೦ ವ್ಯಾಟಿನದು. ಎರಡು ನಿಮಿಷಕ್ಕೆ ೯೬,೦೦೦ ಜೂಲ್. ಒಂದು ಯೂನಿಟ್ ವಿದ್ಯುತ್ತೆಂದರೆ ೩೬ ಲಕ್ಷ ಜೂಲ್. ಅಂದರೆ ಒಂದು ಯೂನಿಟ್ಟಿನಲ್ಲಿ ಮೂವತ್ತೇಳು ಸಲ ಸುಡಬಹುದು. ಒಂದು ಹೋಳಿಗೆ ಬೇಕಾದದ್ದು ೪೦೦ ವ್ಯಾಟ್. ನಿರಭ್ರವಾದ ನಡುಹಗಲಿನಲ್ಲಿ ಸೂರ್ಯನು ಒಂದು ಚದರ ಮೀಟರಿಗೆ ಸುಮಾರು ೧೦೦೦ ವ್ಯಾಟ್ ಸುರಿಯುತ್ತಾನೆ. ಹತ್ತು ಸೆಂಟಿಮೀಟರ್ ಉದ್ದ ಅಗಲದ ಹೋಳಿನ ಮೇಲೆ ಬೀಳುವುದು ೧೦ ವ್ಯಾಟ್ ಮಾತ್ರ, ಆದ್ದರಿಂದ ನಲವತ್ತು ಪಟ್ಟು ಬಿಸಿಲನ್ನು ಒಟ್ಟುಗೂಡಿಸಬೇಕು. ಸೋರಿಕೆಯನ್ನು ಹಿಡಿದರೂ ಒಂದು ಚದರ ಮೀಟರಿನ ಒಳಬಾಗಿದ ಕನ್ನಡಿ ಸಾಕು. ಉಪಗ್ರಹ ಬೇಡ, ಮಾಳಿಗೆ ಸಾಕು! ನಮ್ಮ ರಾಜ್ಯದ ಶಿರ್ಡಿಯಲ್ಲಿಯೇ ಪ್ರಸಾದಾಲಯದ ಅಡುಗೆಗೆ ಸೂರ್ಯಶಾಖದಿಂದ ಉಗಿ ಮಾಡುವ ಏರ್ಪಾಡು ೨೦೦೯ರಲ್ಲಿ ಆರಂಭವಾಯಿತು. ಲೆಕ್ಕ ಮುಗಿದಾಗ ಆ ಹುಡುಗನ ಮುಖ ಸ್ವಲ್ಪ ಸಪ್ಪಗಾಯಿತು, ಉಪಗ್ರಹ ಕೈಬಿಟ್ಟಿತಲ್ಲ. ಮರುದಿನ ಅವನೇ ಬಂದು, ತಮ್ಮ ಮಾಳಿಗೆಯ ಮೇಲೆ ಕೆಟ್ಟುಹೋದ ಟೀವಿಯ ಡಿಶ್ ಒಂದು ಬಿದ್ದಿದೆ, ತರಲೇ ಎಂದು ಕೇಳಿದ.

ಹುಡುಗಿಯ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ. ಯಂತ್ರಕ್ಕೆ ಕಣ್ಣು ಕೊಟ್ಟು ಬಣ್ಣ ನೋಡಿಸಬಹುದು. ಕ್ಯಾಮರಾ ಇರುವ ಒಲೆಗಳು ಈಗ ಬಂದಿವೆ. ನನ್ನನ್ನು ಕೇಳಿದರೆ ನಾಳಿನ ಟೋಸ್ಟರಿಗೆ ಬೇಕಾದದ್ದು ಮೂಗು. ನಮ್ಮ ಅವ್ವ ಪಡಸಾಲೆಯಲ್ಲಿ ಕೂತು ಅಕ್ಕಿ ಹಸನು ಮಾಡುತ್ತ, ಒಳಗೆ ಹಂಚಿನ ಮುಂದೆ ನನ್ನನ್ನು ಕೂರಿಸಿರುತ್ತಿದ್ದಳು. "ತಮ್ಮಾ, ರೊಟ್ಟಿ ಹೊಳ್ಳಿಸಿ ಹಾಕೋ, ವಾಸನಿ ಬಂತು" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಎದುರಿಗೇ ಕೂತ ನನ್ನ ಕಣ್ಣಿಗೆ ಇನ್ನೂ ಏನೂ ಕಂಡಿರುತ್ತಿರಲಿಲ್ಲ. ಮಯ್ಯಾರ್ ಹೇಳಿದ ಕ್ರಿಯೆ ಬಣ್ಣದ ಜೊತೆಗೇ ವಾಸನೆಯನ್ನೂ ಬಿಡುತ್ತದಷ್ಟೆ? ವಾಸನೆ ಹಿಡಿಯುವ ವಿದ್ಯುನ್ಮಾನ ಸಾಧನಗಳು ಈಗ ಪ್ರಯೋಗಶಾಲೆಗಳಲ್ಲಿವೆ. ಅವನ್ನು ಅಡುಗೆಮನೆಗೆ ತರುವವರು ಯಾರು?

ಈ ಪ್ರಶ್ನೆಯ ಜಾಗದಲ್ಲಿಯೇ ಪಾಲಕರೊಡನೆ ನನ್ನ ಜಗಳವಿದೆ. ಆ ವಾರ ಒಬ್ಬ ಪಾಲಕರು ಮಗನ ವಹಿ ಹಿಡಿದುಕೊಂಡು ಬಂದರು.

"ಅಲ್ರೀ ಸರ, ಬ್ರೆಡ್ಡ ಸುಡೋದರ ಮ್ಯಾಲ ನಿಬಂಧ ಬರಸೀರಿ. ಇದು ಪರೀಕ್ಷಾದಾಗ ಬರ್ತದೇನ್ರೀ?"

"ಬರೂದಿಲ್ರೀ ಕಾಕಾ" ಎಂದೆ.

"ಮತ್ತ ಸಾಯನ್ಸ ಕಲೀಬೇಕಂದ್ರ ಇಂಗ್ಲಿಷ್ ಸಾಲಿಗೇ ಹಾಕೂದು ಛಲೋ ಅಲ್ರೀ?"

ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತಂದೆಯವರೂ ನಾಲ್ಕನೆಯ ಇಯತ್ತೆಯ ತನಕ ಕನ್ನಡ ಶಾಲೆಗೆ ಹಾಕಿ, ಆಮೇಲೆ ನೌಕರಿಯ ಆಸೆಯಿಂದ ಮರಾಠಿ ಶಾಲೆಗೆ ಸೇರಿಸಿದರು. ಅದರಿಂದ ನನಗೆ ಕೇಡಾಗಲಿಲ್ಲ, ಎರಡು ಭಾಷೆಗಳ ಸಿರಿ ದೊರೆಯಿತು. ಆದರೆ ಗುಪ್ತೋಷ್ಣದ ಪಾಠವನ್ನು ಮರಾಠಿಯಲ್ಲಿ ಬಾಯಿಪಾಠ ಮಾಡಿ ಪೂರ್ತಿ ಗುಣ ಗಳಿಸಿದ ನನಗೆ ಅದು ಅರ್ಥವಾದದ್ದು ಹಲವು ವರ್ಷಗಳ ಮೇಲೆ, ಅವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವುದನ್ನು ನೋಡುತ್ತ ಕೂತಾಗ. ನೀರು ಆರುವ ತನಕ ಆ ಮಗ್ಗಲು ಸೀಯುವುದಿಲ್ಲ, ಹಿಟ್ಟು ಬಿರಿಯುವುದಿಲ್ಲ. ಅವಳು ಪಾಠ ಓದಿರಲಿಲ್ಲ; ನಾನು ಪಾಠ ಓದಿಯೂ ರೊಟ್ಟಿ ನೋಡಿರಲಿಲ್ಲ.

ಪ್ರಶ್ನೆ ಕೇಳಿದ ಹುಡುಗಿ ಬೆಳಿಗ್ಗೆ ಐದಕ್ಕೆ ಎದ್ದು ಮನೆಮಂದಿಗೆಲ್ಲ ಇಪ್ಪತ್ತೈದು ರೊಟ್ಟಿ ತಟ್ಟಿ ಶಾಲೆಗೆ ಬರುವವಳು. ಮೊದಲ ತಾಸಿನಲ್ಲಿ ತೂಕಡಿಸುತ್ತಾಳೆ. ನಾನು ಎಷ್ಟೋ ಸಲ ಗದರಿಸಿದ್ದೇನೆ, ಅದಕ್ಕೆ ಈಗ ಪಶ್ಚಾತ್ತಾಪವಿದೆ. ಎಸರು, ನಾದುವುದು, ಜಿಗಿ, ಬಿರಿಯುವುದು, ಉಬ್ಬುವುದು, ಕಮರುವುದು, ಸೀಯುವುದು, ಹದ: ಒಂದೊಂದು ಮಾತೂ ಒಂದೊಂದು ಪ್ರಯೋಗದ ಫಲ. ಗೋದಿಯಲ್ಲಿ ಗ್ಲೂಟೆನ್ ಎಂಬ ಅಂಟಿದೆ, ಜೋಳದಲ್ಲಿ ಅದಿಲ್ಲ. ಅದಕ್ಕೇ ಹಿಟ್ಟಿಗೆ ಕುದಿಯುವ ಎಸರು ಹಾಕಿ ಜಿಗಿ ಬರಿಸಬೇಕು, ಲಟ್ಟಿಸುವ ಬದಲು ತಟ್ಟಬೇಕು. ಬ್ರೆಡ್ಡಿನ ಸಮಸ್ಯೆಗಿಂತ ಇದು ಹತ್ತು ಪಾಲು ಕಠಿಣ. ರೊಟ್ಟಿ ಮಾಡುವ ದೊಡ್ಡ ಯಂತ್ರಗಳು ನಮ್ಮ ಭಾಗದ ಪೇಟೆಗಳಿಗೆ ಬಂದಿವೆ, ನಿಜ. ಆದರೆ ಆ ಹುಡುಗಿಯ ಮನೆಯ ಒಲೆಯ ಪಕ್ಕ ಕೂರುವಂಥ, ಅವರ ಕೈಗೆ ಎಟುಕುವ ಬೆಲೆಯ, ಹದ ಬಲ್ಲ ಯಂತ್ರ ಇನ್ನೂ ಬಂದಿಲ್ಲ. ಮಿನೆಸೋಟಾದ ಮೆಕ್ಯಾನಿಕ್ ತನ್ನೂರಿನ ನಾಷ್ಟಾದ ತೊಂದರೆಯನ್ನು ನೂರು ವರ್ಷದ ಹಿಂದೆಯೇ ಬಗೆಹರಿಸಿಕೊಂಡ. ನಮ್ಮ ನಾಷ್ಟಾದ ತೊಂದರೆಯನ್ನು ಅವನು ಬಗೆಹರಿಸಲಿ ಎಂದು ನಾವು ಕಾಯಬೇಕೆ? ಜೋಳದ ಹಿಟ್ಟನ್ನು ಮುಟ್ಟದವರು ಅದಕ್ಕೆ ಯಂತ್ರ ಮಾಡಲಾರರು. ಮುಟ್ಟಿದವರಿಗೆ 'ನಿನ್ನ ಭಾಷೆಯಲ್ಲಿ ವಿಜ್ಞಾನವಿಲ್ಲ' ಎಂದು ನಾವೇ ಹೇಳಿ ಕೂರಿಸಿದರೆ ಅವರೂ ಮಾಡಲಾರರು. ಇಂಗ್ಲಿಷು ಕಲಿಯಲಿ, ಮರಾಠಿ ಕಲಿಯಲಿ, ನಾನೇ ಕಲಿಸಲು ಸಿದ್ಧ. ಪ್ರಶ್ನೆ ಹುಟ್ಟುವ ಜಾಗವನ್ನು ಮಾತ್ರ ಮುಚ್ಚಬಾರದು.

'ಗುಂಡಿ ಒತ್ತಿದರೆ ಬರುತ್ತದೆ' ಎಂದು ಬರೆದ ಮಕ್ಕಳಿಗೂ ಒಂದು ಮಾತು. ಇಂಗ್ಲೆಂಡಿನ ಥಾಮಸ್ ಥ್ವೇಟ್ಸ್ ಎಂಬ ತರುಣ ೨೦೦೯ರಲ್ಲಿ ಒಂದು ಟೋಸ್ಟರನ್ನು ಮಣ್ಣು ಕಲ್ಲಿನಿಂದಲೇ ಆರಂಭಿಸಿ ತಾನೇ ಮಾಡಲು ಹೊರಟ. ಅಂಗಡಿಯಲ್ಲಿ ನಾಲ್ಕು ಪೌಂಡಿಗೂ ಕಡಿಮೆ ಬೆಲೆಗೆ ಸಿಕ್ಕಿದ್ದನ್ನು ಬಿಚ್ಚಿ ನೋಡಿದರೆ ನಾನೂರಕ್ಕೂ ಹೆಚ್ಚು ಬಿಡಿಭಾಗಗಳು. ಗಣಿಯಿಂದ ಕಬ್ಬಿಣದ ಅದಿರು ತಂದ, ಅಭ್ರಕ ಕಿತ್ತ, ತಾಮ್ರ ತೆಗೆದ. ಖರ್ಚಾದದ್ದು ಸುಮಾರು ೧,೧೮೭ ಪೌಂಡು. ಕಡೆಗೆ ವಿದ್ಯುತ್ತಿಗೆ ಜೋಡಿಸಿದಾಗ ಅದು ಉರಿದದ್ದು ಕೆಲವೇ ಸೆಕೆಂಡು, ಆಮೇಲೆ ಕರಗಿಹೋಯಿತು. ಒಂದು ಗುಂಡಿಯ ಹಿಂದೆ ಎಷ್ಟು ಜನರ ಕೈ ಇದೆ ಎಂಬುದು ಅವನಿಗೆ ತಿಳಿದಷ್ಟು ಇನ್ನಾರಿಗೂ ತಿಳಿದಿರಲಾರದು.

ನೂರು ವರ್ಷದ ಮೇಲೆ ಜನ ಆಕಾಶದಲ್ಲಿಯೇ ಮನೆ ಮಾಡುತ್ತಾರೆ ಎಂದು ಇಬ್ಬರು ಬರೆದಿದ್ದರು. ಅಲ್ಲಿ ಬ್ರೆಡ್ಡೇ ತೊಂದರೆಯ ಪದಾರ್ಥ. ೧೯೬೫ರಲ್ಲಿ ಜಾನ್ ಯಂಗ್ ಎಂಬ ಗಗನಯಾತ್ರಿ ಕದ್ದು ಒಯ್ದ ಸ್ಯಾಂಡ್‌ವಿಚ್ಚಿನ ಪುಡಿ ನೌಕೆಯೊಳಗೆ ತೇಲಾಡಿತು. ಪುಡಿ ಕಣ್ಣಿಗೂ ಯಂತ್ರಕ್ಕೂ ಹೋಗುವ ಭಯ. ೧೯೮೫ರಲ್ಲಿ ಮೆಕ್ಸಿಕೋದ ರೊಡೊಲ್ಫೋ ನೇರಿ ವೇಲಾ ತಮ್ಮ ನಾಡಿನ ತೆಳ್ಳನೆಯ ಟಾರ್ಟಿಲ್ಲಾ ಒಯ್ದ ಮೇಲೆ ಅಮೇರಿಕದ ಗಗನಯಾತ್ರಿಗಳು ಅದನ್ನೇ ಮೆಚ್ಚಿಕೊಂಡರು. ಟಾರ್ಟಿಲ್ಲಾ ಎಂದರೆ ಹಂಚಿನ ಮೇಲೆ ಸುಟ್ಟ ರೊಟ್ಟಿಯೇ. ಇದನ್ನು ಹೇಳಿದಾಗ ವರ್ಗವೆಲ್ಲ ಚಪ್ಪಾಳೆ ತಟ್ಟಿತು. ಆದರೆ ನಮ್ಮ ಖಡಕ್ ರೊಟ್ಟಿಯನ್ನು ಒಯ್ದರೆ ಬ್ರೆಡ್ಡಿಗಿಂತ ಹೆಚ್ಚು ಪುಡಿಯಾದೀತೆಂದು ಅದೇ ಹುಡುಗಿ ಎಚ್ಚರಿಸಿದಳು.

ಫೆಬ್ರುವರಿ ೨೮ರ ವಿಜ್ಞಾನ ದಿನದಂದು ಆ ಹಳೆಯ ಡಿಶ್ಶಿಗೆ ಹೊಳೆಯುವ ಅಲ್ಯುಮಿನಿಯಂ ಹಾಳೆ ಅಂಟಿಸಿ, ವಿಜ್ಞಾನದ ಶಿಕ್ಷಕರೂ ನಾನೂ ಮಕ್ಕಳೊಡನೆ ಶಾಲೆಯ ಅಂಗಳದಲ್ಲಿ ನಿಂತೆವು. ಬೆಳಕು ಕೂಡುವ ಜಾಗವನ್ನು ಯಾರೂ ಬರಿಗಣ್ಣಿನಿಂದ ನೋಡಕೂಡದೆಂದು ಮೊದಲೇ ತಾಕೀತು ಮಾಡಿದ್ದೆವು. ಡಿಶ್ಶು ಲೆಕ್ಕದಲ್ಲಿ ಬಂದ ಕನ್ನಡಿಗಿಂತ ಬಹಳ ಚಿಕ್ಕದು, ಹಾಳೆಯೂ ಸುಕ್ಕುಸುಕ್ಕು. ಕಡ್ಡಿಗೆ ಸಿಕ್ಕಿಸಿ ಹಿಡಿದ ಹೋಳು ಇಪ್ಪತ್ತು ನಿಮಿಷವಾದರೂ ಬಿಳಿಯೇ ಇತ್ತು. ಆಗ ಆ ಹುಡುಗಿ ಎಲ್ಲರಿಗಿಂತ ಮೊದಲು, "ಸರ, ವಾಸನಿ ಬಂತ್ರಿ, ಹೊಳ್ಳಿಸ್ರಿ" ಎಂದಳು. ಹೊಳ್ಳಿಸಿ ನೋಡಿದರೆ ಒಂದು ಮೂಲೆ ಮಾತ್ರ ಒಳ್ಳೆಯ ಹೊಂಬಣ್ಣಕ್ಕೆ ತಿರುಗಿತ್ತು. ಆ ಮೂಲೆಯನ್ನು ಯಾರು ತಿನ್ನಬೇಕೆಂಬ ಜಗಳ ಗಂಟೆ ಬಾರಿಸುವವರೆಗೂ ನಡೆಯಿತು.